ಅಣ್ಣನಿಗೊಂದು ಅರ್ಜಿ

ನಮ್ಮ ಮನೆಯಲ್ಲಿ ಇಂಗ್ಲಿಷ್ ಇದ್ದದ್ದು ಅಡುಗೆಮನೆಯಲ್ಲಿ. ಶಹಾಪುರದ ಹತ್ತಿರ ಕಾಲುವೆ ಇಲಾಖೆಯವರು ಕಟ್ಟಿಸಿದ ಕ್ಯಾಂಪಿನಲ್ಲಿ ನಮಗೆ ಎರಡು ಖೋಲಿಯ ಕ್ವಾರ್ಟರ್ಸ್ ಕೊಟ್ಟಿದ್ದರು. ಮುಂದಿನ ಖೋಲಿಯಲ್ಲಿ ಅಪ್ಪನ ಮಂಚ, ಅವನ ಸೈಕಲ್ಲು, ಗೋಡೆಯ ಗೂಟಕ್ಕೆ ಅವನ ಖಾಕಿ ಅಂಗಿ. ಹಿಂದಿನ ಖೋಲಿಯೇ ಅಡುಗೆಮನೆ, ಅದೇ ದೇವರಮನೆ, ನಾನೂ ಅವ್ವನೂ ಮಲಗುವುದೂ ಅಲ್ಲೇ. ತಲೆಯ ಮೇಲೆ ಸಿಮೆಂಟಿನ ಶೀಟು. ಬೇಸಿಗೆಯ ಮಧ್ಯಾಹ್ನ ಅದರ ಕೆಳಗೆ ಕೂತರೆ ಬೆವರು ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ಪಾಟಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವ್ವ ಕಿಟಕಿಗೆ ಗೋಣಿತಟ್ಟು ಕಟ್ಟಿ ಅದರ ಮೇಲೆ ನೀರು ಎರಚುತ್ತಿದ್ದಳು. ಕಾಲುವೆ ಬಂದ ಮೇಲೆ ನಮ್ಮ ಕಡೆ ನೀರಿಗೆ ಬರವಿರಲಿಲ್ಲ, ಆದ್ದರಿಂದ ಅವ್ವ ಧಾರಾಳವಾಗಿ ಎರಚುತ್ತಿದ್ದಳು, ನೆಲವೆಲ್ಲ ಒದ್ದೆಯಾಗುತ್ತಿತ್ತು, ಆ ಒದ್ದೆ ನೆಲದ ಮೇಲೆ ಚಾಪೆ ಹಾಸಿ ಪಾಠ ಶುರುವಾಗುತ್ತಿತ್ತು.

ಅಪ್ಪ ಉಪಕಾಲುವೆಯ ಗೇಟು ನೋಡಿಕೊಳ್ಳುವ ನೌಕರ. ಬೆಳಿಗ್ಗೆ, ಸಂಜೆ ನೀರು ಎಷ್ಟಿದೆ ಎಂದು ಬರೆದು ಆಫೀಸಿಗೆ ಮುಟ್ಟಿಸುವುದು, ಮೇಲಿನವರು ಹೇಳಿದಷ್ಟು ಗೇಟು ಎತ್ತುವುದು, ಹೇಳಿದಷ್ಟು ಇಳಿಸುವುದು. ತಾನಾಗಿ ಒಂದು ಬೆರಳಷ್ಟೂ ಎತ್ತಿದವನಲ್ಲ. ಹೊಲದವರು ಬಂದು ಗೋಗರೆದರೂ, ಬೈದರೂ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು. "ಸಾಹೇಬ್ರು ಹೇಳಬೇಕ್ರಿ." ಮನೆಯಲ್ಲೂ ಅವನು ಹಾಗೆಯೇ ಇದ್ದ. ಯಾರು ಗಟ್ಟಿಯಾಗಿ ಮಾತಾಡುತ್ತಾರೋ ಅವರ ಮಾತು ನಡೆಯಲಿ ಎನ್ನುವವನು. ನಮ್ಮ ಮನೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದವಳು ಅವ್ವ. ಸುರಪುರದವಳು, ಹತ್ತನೆಯ ತರಗತಿ ಪಾಸಾದವಳು, ಇಂಗ್ಲಿಷಿನಲ್ಲಿ ತನಗೆ ಐವತ್ತೆರಡು ಬಂದಿತ್ತು ಎಂದು ತಿಂಗಳಿಗೊಮ್ಮೆಯಾದರೂ ಯಾರಿಗಾದರೂ ಹೇಳದೆ ಬಿಡದವಳು.

ನನಗೆ ಹನ್ನೊಂದು ತುಂಬಿದ ವರ್ಷ ಅಪ್ಪನ ತಂಗಿ ಶರಣಮ್ಮತ್ತಿ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅವಳ ಗಂಡ ಇನ್ನೊಬ್ಬಳನ್ನು ಮಾಡಿಕೊಂಡು ಅದೇ ಮನೆಯಲ್ಲಿ ತಂದಿಟ್ಟಿದ್ದ. ಹೊಸಬಳಿಗೆ ರೊಟ್ಟಿ ಬಡಿದು ಹಾಕುವುದು ಅತ್ತಿಯ ಪಾಲಿಗೆ ಬಂದಿತ್ತು. ಒಂದು ವರ್ಷ ಬಡಿದು ಹಾಕಿದಳಂತೆ. ಆಮೇಲೆ ಒಂದು ದಿನ ಹಿಟ್ಟು ಕಲಸಿಟ್ಟು, ಕೈ ತೊಳೆದುಕೊಂಡು ಬಸ್ ಹತ್ತಿದ್ದಳು. ಅವಳ ಪೆಟ್ಟಿಗೆ ನಾನು ಗೊಂಬೆ ಇಟ್ಟುಕೊಳ್ಳುತ್ತಿದ್ದ ಮೂಲೆಯನ್ನು ನುಂಗಿತು. ಅವಳ ಹಾಸಿಗೆ ನನ್ನನ್ನೂ ಅವ್ವನನ್ನೂ ಗೋಡೆಗೆ ಒತ್ತಿತು. ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಅವ್ವನಿಗೂ ಬಂದಿತ್ತು. ಆದರೆ ಅವ್ವನ ಸಿಟ್ಟು ಅತ್ತಿಯ ಗಂಡನ ಮೇಲೆ, ಜಾಗದ ಮೇಲೆ, ಅಪ್ಪನ ಮೌನದ ಮೇಲೆ ಹಂಚಿಹೋಗಿ ಅತ್ತಿಯ ಪಾಲಿಗೆ ಸ್ವಲ್ಪವೇ ಉಳಿಯುತ್ತಿತ್ತು.

ತಿಂಗಳೊಳಗೆ ಗಂಡನ ಕಡೆಯ ಹಿರಿಯ ಸಾಬಣ್ಣ ಬಂದ. ಅತ್ತಿಯ ಗಂಡನಿಗೆ ದೊಡ್ಡಪ್ಪನಾಗಬೇಕು. ಬಿಳಿ ರುಮಾಲು, ದೊಡ್ಡ ದನಿ. ಹೆಣ್ಣುಮಗಳು ಹೀಗೆ ಅಣ್ಣನ ಮನೆಯಲ್ಲಿ ಕೂತರೆ ಊರಲ್ಲಿ ತಮ್ಮ ಮರ್ಯಾದೆ ಏನು ಎಂದು ಕೇಳಿದ. ಅತ್ತಿ ಹತ್ತನೆಯ ತರಗತಿಯಲ್ಲಿ ಎಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಉಳಿದಿದ್ದಾಳೆ, ಅದೊಂದು ಕಟ್ಟಿ ಪಾಸಾದರೆ ಅಪ್ಪನ ಹುಟ್ಟೂರು ಕೊಂಕಲ್‌ನಲ್ಲಿ ತೆರೆಯಲಿರುವ ಅಂಗನವಾಡಿಗೆ ಅರ್ಜಿ ಹಾಕಬಹುದು, ತನ್ನ ಹೊಟ್ಟೆ ತಾನು ಹೊರೆದುಕೊಳ್ಳುತ್ತಾಳೆ ಎಂದು ಅವ್ವ ಬಾಗಿಲ ಮರೆಯಿಂದಲೇ ಹೇಳಿದಳು. ಸಾಬಣ್ಣ ಚಹಾ ಬಸಿಗೆ ಸುರಿದುಕೊಂಡು ಯೋಚಿಸಿದ.

"ಪಾಸಾದ್ಲು ಅಂದ್ರ ಇರ್ಲಿ. ನೌಕ್ರಿ ಮಾಡ್ಲಿ, ನಾವು ಬಾಯಿ ತಗಿಯಾಂಗಿಲ್ಲ. ನಪಾಸಾದ್ಲು ಅಂದ್ರ ಸುಮ್ನ ಕಳಸಬೇಕು. ಏನಂತಿ ಹಣಮಂತ?"

"ಆತ್ರಿ," ಅಂದ ಅಪ್ಪ.

ಅಷ್ಟೇ. ಅತ್ತಿಯನ್ನು ಯಾರೂ ಕೇಳಲಿಲ್ಲ. ಅವಳು ಒಳಗೆ ನನ್ನ ಪಕ್ಕದಲ್ಲೇ ಕೂತು ಪುಂಡಿ ಸೊಪ್ಪು ಸೋಸುತ್ತಿದ್ದಳು. ಕೈ ನಿಲ್ಲಲಿಲ್ಲ, ಆದರೆ ಎಲೆಯನ್ನು ಕಸಕ್ಕೂ ಕಡ್ಡಿಯನ್ನು ಬುಟ್ಟಿಗೂ ಹಾಕುತ್ತಿದ್ದಳು.

ಮರುದಿನದಿಂದ ಪಾಠ. ವಿದ್ಯಾರ್ಥಿನಿಯರು ಇಬ್ಬರು. ಒಬ್ಬಳು ಅತ್ತಿ, ಇನ್ನೊಬ್ಬಳು ಪಕ್ಕದ ಕ್ವಾರ್ಟರ್ಸಿನ ನೂರಜಾನ್ ಖಾಲಾ. ಅವಳ ಗಂಡ ಇಲಾಖೆಯ ಜೀಪ್ ಓಡಿಸುತ್ತಿದ್ದ. ಖಾಲಾ ಕೂಡ ಇಂಗ್ಲಿಷಿನಲ್ಲೇ ಮುಗ್ಗರಿಸಿ ಲಗ್ನವಾದವಳು. ಅವಳಿಗೆ ನೌಕರಿಯ ಹಂಬಲವೇನೂ ಇರಲಿಲ್ಲ. ನಾಲ್ಕು ಮಕ್ಕಳ ಗಲಾಟೆಯಿಂದ ಎರಡು ತಾಸು ತಪ್ಪಿಸಿಕೊಂಡು ಬರಲು ಅವಳಿಗೊಂದು ನೆವ ಬೇಕಿತ್ತು. ಹೊಲಿಗೆ ಹಿಡಿದುಕೊಂಡೇ ಬರುತ್ತಿದ್ದಳು, ಸೂಜಿಗೆ ದಾರ ಪೋಣಿಸುತ್ತಲೇ ಕಲಿಯುತ್ತಿದ್ದಳು, ಅರ್ಧ ಕೇಳುತ್ತಿದ್ದಳು, ಅರ್ಧ ಹರಟುತ್ತಿದ್ದಳು. ಅವ್ವ ಬೈದರೆ "ಅರೆ ಬಾಯೀ, ನಮ್ಮ ತಲ್ಯಾಗ ಒಂದ ಖಿಡಕಿ ಅದ, ಈ ಕಡಿಂದ ಬಂದದ್ದು ಆ ಕಡಿ ಹೋತದ, ನಾ ಏನ್ ಮಾಡ್ಲಿ?" ಎಂದು ನಗುತ್ತಿದ್ದಳು.

ಅತ್ತಿ ನಗುತ್ತಿರಲಿಲ್ಲ. ಅತ್ತಿ ಕಂಠಪಾಠ ಮಾಡುತ್ತಿದ್ದಳು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಒಂದೊಂದು ಬಡಿತಕ್ಕೆ ಒಂದೊಂದು ಶಬ್ದ. ಹಿಟ್ಟು ತಿರುಗುತ್ತಿತ್ತು, ವಾಕ್ಯ ತಿರುಗುತ್ತಿತ್ತು. ನಾನು ಹಾಸಿಗೆಯಲ್ಲೇ ಕಣ್ಣು ಮುಚ್ಚಿಕೊಂಡು, ಎಷ್ಟು ಶಬ್ದಕ್ಕೆ ರೊಟ್ಟಿ ಹಂಚಿಗೆ ಬಿತ್ತು ಎಂದು ಎಣಿಸುತ್ತಿದ್ದೆ. ಶಬ್ದ ಮರೆತರೆ ಕೈಯೂ ನಿಲ್ಲುತ್ತಿತ್ತು, ರೊಟ್ಟಿಯ ಅಂಚು ಸೀಳುತ್ತಿತ್ತು. ಅಪ್ಪನ ತಾಟಿಗೆ ಸೀಳಿದ ರೊಟ್ಟಿ ಬಂದ ದಿನ ಪಾಠ ಕಠಿಣವಾಗಿದೆ ಎಂದು ತಿಳಿಯುತ್ತಿತ್ತು. ಅವನು ಅದನ್ನೇ ಮುರಿದು ತಿನ್ನುತ್ತಿದ್ದ.

ಅವ್ವ, ಅತ್ತಿಯ ನಡುವೆ ಜಗಳವೂ ಚೆನ್ನಾಗಿ ನಡೆಯುತ್ತಿತ್ತು. ಅಡುಗೆಯಲ್ಲಿ ಅತ್ತಿಯ ಕೈ ಅವ್ವನಿಗಿಂತ ಮೇಲು, ಅದು ಅವ್ವನಿಗೂ ಗೊತ್ತು. "ವೈನಿ, ಪುಂಡಿ ಪಲ್ಯಕ್ಕ ಇಷ್ಟು ಬ್ಯಾಳಿ ಹಾಕ್ತಾರೇನ್ರಿ?" ಎಂದು ಅತ್ತಿ ಬೆಳಿಗ್ಗೆ ಮೆಲ್ಲಗೆ ಅಂದದ್ದಕ್ಕೆ ಅವ್ವ ಮಧ್ಯಾಹ್ನ ಸೇಡು ತೀರಿಸಿಕೊಳ್ಳುತ್ತಿದ್ದಳು. ಅಂದು ಅತ್ತಿಗೆ ಹತ್ತು ಸಲ ಹೆಚ್ಚು ಬರೆಯುವ ಶಿಕ್ಷೆ. ಸಂಜೆ ಇಬ್ಬರೂ ಒಂದೇ ಕೊಡಪಾನಕ್ಕೆ ಕೈ ಹಚ್ಚಿ ನಳದಿಂದ ನೀರು ತರುವಾಗ ಮಾತು ಮತ್ತೆ ಶುರುವಾಗುತ್ತಿತ್ತು. ಅವರ ಜಗಳವನ್ನು ನೋಡಿ ನೋಡಿ ನನಗೆ ಅತ್ತಿಯ ಮೇಲಿನ ಸಿಟ್ಟು ಯಾವಾಗ ಕರಗಿತೋ ತಿಳಿಯಲಿಲ್ಲ. ಪದಗಳನ್ನು ಕೇಳಿ ಒಪ್ಪಿಸಿಕೊಳ್ಳುವ ಕೆಲಸ ನನ್ನದಾಯಿತು. ಅತ್ತಿ ತಪ್ಪದೆ ಹೇಳಿದರೆ ನಾನೇ ಪಾಸಾದಷ್ಟು ಖುಷಿ. ತಪ್ಪಿದರೆ ನಾನು ಅವ್ವನ ದನಿಯಲ್ಲೇ ಗದರುತ್ತಿದ್ದೆ, ಅವಳು ನನ್ನೆದುರು ಕೂಡ ತಲೆ ತಗ್ಗಿಸುತ್ತಿದ್ದಳು. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ತೊಂದರೆ ಬಂದದ್ದು ಪತ್ರಲೇಖನದಲ್ಲಿ. ಅವ್ವ ಯಾರಿಂದಲೋ ಕೇಳಿ ತಂದಿದ್ದ ಹಳೆಯ ಗೈಡಿನಲ್ಲಿ ಪತ್ರಗಳ ಹಾಳೆಗಳೇ ಇರಲಿಲ್ಲ, ಹಿಂದಿನವರು ಹರಿದು ಯಾವುದಕ್ಕೋ ಪುಡಿಕೆ ಕಟ್ಟಿದ್ದರು. ಪರೀಕ್ಷೆಯಲ್ಲಿ ಒಂದು ಪತ್ರ ಬಂದೇ ಬರುತ್ತದೆ, ಐದು ಅಂಕ. ಅವ್ವ ಯೋಚಿಸಿ ಅಪ್ಪನಿಗೆ ಹೇಳಿದಳು. ಅಪ್ಪ ಆಫೀಸಿನಲ್ಲಿ ಕೇಳಿಕೊಂಡು, ಬಿಸಾಡುವುದಕ್ಕೆ ಇಟ್ಟಿದ್ದ ಟೈಪು ಮಾಡಿದ ಕಾರ್ಬನ್ ಪ್ರತಿಗಳ ಒಂದು ಕಟ್ಟು ತಂದುಕೊಟ್ಟ. ಗೇಟಿನ ಹಲ್ಲು ಸವೆದಿದೆ, ಬೇರೆ ಕಳಿಸಬೇಕು. ಕಾಲುವೆ ದಂಡೆ ಕುಸಿದಿದೆ, ಬಂದು ನೋಡಬೇಕು. ಹೊಲದವರು ರಾತ್ರಿ ಪೈಪು ಇಳಿಸುತ್ತಾರೆ, ಕ್ರಮ ಜರುಗಿಸಬೇಕು. ಎಲ್ಲ ಇಂಗ್ಲಿಷಿನಲ್ಲಿ, ಎಲ್ಲ 'ರೆಸ್ಪೆಕ್ಟೆಡ್ ಸರ್' ಎಂದು ಶುರುವಾಗಿ 'ಯುವರ್ ಒಬೀಡಿಯಂಟ್ ಸರ್ವಂಟ್' ಎಂದು ಮುಗಿಯುವಂಥವು. ಅವ್ವ ಆ ನೀಲಿ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ ಬಹಳ ಸಂತೋಷಪಟ್ಟಳು.

"ಸರಕಾರದವ್ರು ಬರಿಯೂ ಇಂಗ್ಲಿಷಿಗಿಂತ ಚಲೋ ಇಂಗ್ಲಿಷ್ ಎಲ್ಲದ, ಹೇಳ್ರಿ ನೋಡಮ್? ಇದನ್ನ ಬಾಯಿಪಾಠ ಮಾಡ್ರಿ. ಯಾವ ಪತ್ರಾ ಬಂದ್ರೂ ನಡಕ ವಿಷಯ ಅಷ್ಟ ಬದಲಿ ಮಾಡಿದ್ರಾತು."

ಆ ವರ್ಷವೇ ನಮ್ಮ ಶಾಲೆಯಲ್ಲಿ ಮಾಸ್ತರು ಬೋರ್ಡಿನ ಮೇಲೆ ಒಂದು ಪತ್ರ ಬರೆದು ತೋರಿಸಿದ್ದರು. ಮಾಮಾನಿಗೆ ಬರೆಯುವ ಪತ್ರ. ಅದು 'ಮೈ ಡಿಯರ್ ಅಂಕಲ್' ಎಂದು ಶುರುವಾಗುತ್ತಿತ್ತು. ನಾನು ಮನೆಗೆ ಬಂದು ಅವ್ವನಿಗೆ ಹೇಳಿದೆ, ಮನೆಯವರಿಗೆ ಬರೆಯುವ ಪತ್ರವೇ ಬೇರೆ ಅಂತೆ, ಅಲ್ಲಿ ಸರ್ ಅನ್ನುವುದಿಲ್ಲವಂತೆ. ಇಬ್ಬರು ವಿದ್ಯಾರ್ಥಿನಿಯರ ಎದುರು ಹೇಳಿದ್ದೇ ತಪ್ಪಾಯಿತು.

"ಐದನೇತ್ತೆ ಕಲಿಯೂ ಪೋರಿ ನನಗ ಕಲಸಾಕ ಬಂದಾಳ!" ಅವ್ವನ ಮುಖ ಕೆಂಪಾಯಿತು. "ಮರ್ಯಾದಿ ಜಾಸ್ತಿ ಕೊಟ್ಟಾರಂತ ಯಾರರೆ ಅಂಕಾ ಕಡದಾರೇನು? ಸರ್ ಅಂದ್ರ ಎಲ್ಲಾ ಕಡೀನೂ ನಡೀತದ."

ಖಾಲಾ ಹೊಲಿಗೆಯಿಂದ ತಲೆ ಎತ್ತಿ ನನ್ನ ಕಡೆ ಕಣ್ಣು ಮಿಟುಕಿಸಿದಳು. ಅತ್ತಿ ಅವ್ವನ ಮಾತಿಗೆ ತಲೆಯಾಡಿಸಿದಳು. ಹೆಚ್ಚು ಮರ್ಯಾದೆ ಕೊಟ್ಟರೆ ತಪ್ಪಾಗಬಹುದು ಎನ್ನುವುದು ಅವಳ ಅನುಭವದಲ್ಲೇ ಇರಲಿಲ್ಲ. ನಾನು ಮುನಿಸಿಕೊಂಡು ಮತ್ತೆ ಆ ಮಾತು ಎತ್ತಲಿಲ್ಲ. ಮರುದಿನದಿಂದ ರೊಟ್ಟಿಯ ಬಡಿತಕ್ಕೆ ಗೇಟಿನ ಹಲ್ಲು ಸವೆಯತೊಡಗಿತು.

ಪರೀಕ್ಷೆ ಸುರಪುರದಲ್ಲಿ. ಅವ್ವನೇ ಇಬ್ಬರನ್ನೂ ಕರೆದುಕೊಂಡು ಹೋದಳು, ನನ್ನನ್ನೂ ಕರೆದೊಯ್ದಳು. ಅತ್ತಿ ಬಸ್ಸಿನಲ್ಲಿ ಉದ್ದಕ್ಕೂ ತುಟಿ ಆಡಿಸುತ್ತಲೇ ಇದ್ದಳು. ಖಾಲಾ ಬುತ್ತಿ ಬಿಚ್ಚಿ ದಾರಿಯಲ್ಲೇ ಅರ್ಧ ತಿಂದು ಮುಗಿಸಿದಳು. ಮೂರು ತಾಸು ಅವ್ವ ಶಾಲೆಯ ಎದುರಿನ ಬೇವಿನ ಗಿಡದ ಕೆಳಗೆ ನಿಂತಳು, ಒಂದು ಸಲವೂ ಕೂರಲಿಲ್ಲ. ಹೊರಗೆ ಬಂದ ಅತ್ತಿಯ ಮುಖದಲ್ಲಿ ನಾನು ಅದುವರೆಗೆ ನೋಡಿರದ ಒಂದು ಕಳೆ ಇತ್ತು.

"ಪತ್ರಾ ಪೂರಾ ಬರದೆ ವೈನಿ. ಒಂದ ಅಕ್ಷರ ಬಿಟ್ಟಿಲ್ಲ."

ಸಂಜೆ ಊಟಕ್ಕೆ ಕೂತಾಗ ಅವ್ವ ಪ್ರಶ್ನೆಪತ್ರಿಕೆ ಓದಿದಳು. ರಜೆಯಲ್ಲಿ ಕೆಲವು ದಿನ ನಿಮ್ಮ ಮನೆಗೆ ಬಂದಿರುತ್ತೇನೆ ಎಂದು ನಿನ್ನ ಅಣ್ಣನಿಗೆ ಪತ್ರ ಬರೆ. ಇದು ಪ್ರಶ್ನೆ. ಅಪ್ಪ ಹುಮ್ಮಸ್ಸಿನಲ್ಲಿದ್ದ. "ಅಣ್ಣಗ ಏನ್ ಬರದೀ, ಹೇಳವ್ವಾ ಕೇಳ್ತೀನಿ," ಅಂದ. ಅತ್ತಿ ನೆಟ್ಟಗೆ ಕೂತು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಅಪ್ಪನಿಗೆ ಅದು ತಿಳಿಯದು, ಕನ್ನಡದಲ್ಲಿ ಹೇಳು ಅಂದ. ಅವಳು ಒಂದೊಂದೇ ಸಾಲನ್ನು ಬಿಡಿಸಿ ಹೇಳಿದಳು.

"ಮಾನ್ಯರೇ. ವಿಷಯ, ತಮ್ಮ ಮನೆಯಲ್ಲಿ ಇರಲು ಅನುಮತಿ ಕೋರಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಾನು ತಮ್ಮ ತಂಗಿಯಾಗಿದ್ದು, ತಮ್ಮ ಮನೆಯಲ್ಲಿ ಹತ್ತು ದಿನ ಇರಲು ದಯಮಾಡಿ ಅನುಮತಿ ನೀಡಬೇಕೆಂದು ಬೇಡಿಕೊಳ್ಳುತ್ತೇನೆ. ತಮ್ಮ ಅನುಕೂಲ ನೋಡಿ ಆದೇಶ ಹೊರಡಿಸಬೇಕು. ಇಂತಿ ತಮ್ಮ ವಿಧೇಯ ಸೇವಕಿ."

ಮೊದಲು ಎಲ್ಲರಿಗೂ ನಗು ಬಂತು. ಅಪ್ಪನೂ ನಕ್ಕ. "ನಾ ಹೇಳಿದ್ದೆ, ನಾ ಹೇಳಿದ್ದೆ, ಮನೆಯವ್ರಿಗಿ ಸರ್ ಅನ್ನಬಾರ್ದು ಅಂತ!" ಎಂದು ನಾನು ಕೂತಲ್ಲೇ ಕುಣಿದೆ. ಅವ್ವ ಹೊಡೆಯಲಿಲ್ಲ, ಬೈಯಲೂ ಇಲ್ಲ, ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿದಳು. ನಾನು ಗೆದ್ದಿದ್ದೆ, ಆದರೆ ಅವ್ವನ ಮುಖ ನೋಡಿದ ಮೇಲೆ ನನಗೆ ಗೆಲ್ಲಬಾರದಿತ್ತು ಅನ್ನಿಸಿತು. ಅತ್ತಿಗೆ ಮಾತ್ರ ಯಾಕೆ ನಗುತ್ತಿದ್ದಾರೆ ಎಂದು ಇನ್ನೂ ತಿಳಿದಿರಲಿಲ್ಲ. "ಯಾಕಣ್ಣಾ, ತಪ್ಪಾತೇನು?" ಎಂದು ಕೇಳಿದಳು. ಅಪ್ಪನ ನಗು ನಿಂತಿತು. ಅವನು ತಾಟಿನಲ್ಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದು, ಕೈ ತೊಳೆದುಕೊಂಡು ಹೊರಗೆ ಹೋದ.

ಫಲಿತಾಂಶ ಬಂತು. ಮೂವತ್ತೈದು ಬೇಕಿತ್ತು, ಅತ್ತಿಗೆ ಮೂವತ್ತೆರಡು. ಖಾಲಾಗೆ ಮೂವತ್ತಾರು! ಖಾಲಾ ಏನು ಬರೆದಿದ್ದಳು ಎಂದು ಅವ್ವ ಕೇಳಿದಳು. ಅವಳು ಅಣ್ಣನಿಗೆ ಆರೇ ಸಾಲು ಬರೆದಿದ್ದಳು, ನಾನು ಬರುತ್ತೇನೆ, ಬಸ್‌ಸ್ಟ್ಯಾಂಡಿಗೆ ಸೈಕಲ್ಲು ತೆಗೆದುಕೊಂಡು ಬಾ, ಮಟನ್ ಮಾಡಿಸು. ಅದರಲ್ಲಿ ವ್ಯಾಕರಣವೆಂಬುದು ಇರಲಿಲ್ಲ. ಖಾಲಾ ಪಾಸಾದದ್ದಕ್ಕೆ ಸಂತೋಷಪಡುವ ಬದಲು ಅತ್ತಿಯ ಕೈ ಹಿಡಿದುಕೊಂಡು ಅತ್ತಳು. ಅತ್ತಿಗೆ ಪತ್ರಕ್ಕೆ ಎಷ್ಟು ಅಂಕ ಬಂದಿತ್ತೋ ಯಾರಿಗೆ ಗೊತ್ತು. ಅಂಕ ಬೇರೆ ಪ್ರಶ್ನೆಗಳಲ್ಲಿ ಹೋಗಿರಲಿಕ್ಕೂ ಸಾಕು. ಆದರೆ ತಾನು ಕಲಿಸಿದ ಪತ್ರವೇ ಕೆಡಿಸಿತು ಎಂದು ಅವ್ವ ತನ್ನೊಳಗೆ ತೀರ್ಮಾನ ಮಾಡಿಬಿಟ್ಟಿದ್ದಳು. ಎರಡು ದಿನ ಅವಳು ಯಾರೊಡನೆಯೂ ಜಗಳವಾಡಲಿಲ್ಲ. ಮನೆ ಮನೆಯಂತೆ ಇರಲಿಲ್ಲ.

ಮೂರನೆಯ ದಿನ ಸಾಬಣ್ಣ ಬಂದ, ಜೊತೆಗೆ ಇನ್ನೊಬ್ಬ ಹಿರಿಯ. ಅತ್ತಿ ಹಿಂದಿನ ದಿನವೇ ಯಾರೂ ಹೇಳದೆ ಪೆಟ್ಟಿಗೆ ಕಟ್ಟಿಟ್ಟಿದ್ದಳು. ಎರಡು ಸೀರೆ, ಒಂದು ಕನ್ನಡಿ, ಮೇಲೆ ಪಾಟಿ. ಪಾಟಿಯನ್ನು ಯಾಕೆ ಇಟ್ಟುಕೊಂಡಳೋ. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

"ನಪಾಸಾಗ್ಯಾಳಂತಲ್ಲ," ಅಂದ ಸಾಬಣ್ಣ. "ನಾಕ್ ಗಂಟಿ ಬಸ್ಸಿಗಿ ಹೊಂಡತೀವಿ. ತಯಾರ ಮಾಡ್ರಿ."

ಅವ್ವ ಆವತ್ತು ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಮುಂದಿನ ಖೋಲಿಯ ನಡುವಿಗೆ ಬಂದು ನಿಂತಳು. ನನ್ನ ತೋಳು ಅವಳ ಕೈಯಲ್ಲಿತ್ತು, ನನ್ನನ್ನೂ ಎಳೆದುಕೊಂಡು ಬಂದಿದ್ದಳು.

"ನಪಾಸಾದಾಕಿ ಆಕಿ ಅಲ್ರಿ, ನಾನು. ಕಲಸಿದಾಕಿ ನಾನು. ತಪ್ಪು ಕಲಸೀನಿ. ಈ ಕೂಸು ನನಗ ಹೇಳಿತ್ತು, ಹಂಗಲ್ಲವ್ವಾ ಅಂತ. ನಾ ಸೊಕ್ಕಿಲೆ ಕೇಳಲಿಲ್ಲ. ಕರಕೊಂಡು ಹೋಗೂದಿದ್ರ ನನ್ನ ಕರಕೊಂಡು ಹೋಗ್ರಿ, ನಿಮ್ಮ ಮನ್ಯಾಗ ನಾ ರೊಟ್ಟಿ ಬಡೀತೀನಿ."

ಐವತ್ತೆರಡು ಅಂಕದ ಅವ್ವ. ಅವಳು ಯಾರೆದುರೂ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿರಲಿಲ್ಲ. ಅವಳ ಹಿಡಿತಕ್ಕೆ ನನ್ನ ತೋಳು ನೋಯುತ್ತಿತ್ತು. ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಸಾಬಣ್ಣ ಕೈ ಝಾಡಿಸಿದ. "ಹೆಣ್ಮಕ್ಕಳ ಮಾತು ನಮಗ್ಯಾಕ? ಹಣಮಂತ, ಮಾತು ಕೊಟ್ಟಾಂವ ನೀನು. ನೀ ಹೇಳು."

ಅಪ್ಪ ಮಂಚದ ಅಂಚಿನಲ್ಲಿ ಕೂತಿದ್ದ. ನಾವೆಲ್ಲ ಅವನ 'ಆತ್ರಿ' ಕೇಳಲು ಸಿದ್ಧರಾಗಿದ್ದೆವು. ಅವನು ಎದ್ದು ನಿಂತ.

"ಮಾತು ಕೊಟ್ಟದ್ದು ಖರೇ ಅದರಿ," ಅಂದ. "ಕೊಡಬಾರ್ದಿತ್ತು. ಒಡಹುಟ್ಟಿದಾಕಿ ನನ್ನ ಮನ್ಯಾಗ ಇರಾಕ ಪರೀಕ್ಷಾ ಪಾಸಾಗಬೇಕು ಅಂತ ಒಪ್ಪಕೊಂಡೆ ನೋಡ್ರಿ, ಅದ ತಪ್ಪಾತು. ಆಕಿ ಬರಾಂಗಿಲ್ಲ."

"ಹಿರ್ಯಾರ ಎದುರು ಮಾತು ತಿರಗಸ್ತಿ?"

"ಹೌದ್ರಿ, ತಿರಗಸ್ತೀನಿ. ಊಟಾ ಮಾಡಕೊಂಡು ಹೋಗ್ರಿ."

ಅವರು ಊಟ ಮಾಡಲಿಲ್ಲ. ಬೈಯುತ್ತಲೇ ಎದ್ದು ಹೋದರು. ಅವರು ಹೋದ ಮೇಲೆ ಅಪ್ಪ ತಂಬಿಗೆ ಎತ್ತಿ ಗಟಗಟ ನೀರು ಕುಡಿದ, ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಆಮೇಲೆ ಎಷ್ಟೋ ತಿಂಗಳು ಆ ಕಡೆಯವರು ನಮ್ಮನ್ನು ಕಂಡರೆ ಮುಖ ತಿರುಗಿಸಿದರು. ಅತ್ತಿ ಮುಂದಿನ ಸಲ ಕೂತು ಪಾಸಾದಳು, ಕೊಂಕಲ್‌ನಲ್ಲಿ ಮಕ್ಕಳಿಗೆ ಕಲಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡಳು. ನಾನೂ ಇಂಗ್ಲಿಷ್ ಕಲಿಸುವವಳೇ ಆದೆ. ಮೊದಲ ಸಲ ಪರೀಕ್ಷೆಗೆ ಕೂರುವವರು, ನಾಲ್ಕನೆಯ ಸಲ ಕೂರುವವರು, ಕಣ್ಣು ತಗ್ಗಿಸಿ ಬರುವ ಲಗ್ನವಾದ ಹೆಣ್ಣುಮಕ್ಕಳು, ಇವರೇ ನನ್ನ ವಿದ್ಯಾರ್ಥಿಗಳು. ಅವರಲ್ಲಿ ಯಾರಾದರೂ ನಪಾಸಾಗಿ ಬಂದರೆ ನಾನು ಮೊದಲು ನನ್ನ ನೋಟ್ಸು ತೆಗೆದು ನೋಡುತ್ತೇನೆ.

ಆದರೆ ಅವೆಲ್ಲ ಆಮೇಲಿನವು. ಆವತ್ತು, ಸಾಬಣ್ಣ ಹೋದ ಅರ್ಧ ತಾಸಿಗೆ, ಅವ್ವ ಅತ್ತಿಯ ಪೆಟ್ಟಿಗೆಯಿಂದ ಪಾಟಿ ಹೊರಗೆ ತೆಗೆದಳು. ಕಿಟಕಿಯ ಗೋಣಿತಟ್ಟಿಗೆ ನೀರು ಎರಚಿ, ಚಾಪೆ ಹಾಸಿ, ಅತ್ತಿಯನ್ನು ಎದುರಿಗಲ್ಲ, ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ನನ್ನನ್ನು ಕರೆದು, ಮಾಸ್ತರು ಹೇಗೆ ಬರೆದಿದ್ದರು ತೋರಿಸು ಅಂದಳು. ನಾನು ಪಾಟಿಯ ಮೇಲೆ ಮೊದಲ ಸಾಲು ಬರೆದು ತೋರಿಸಿದೆ, ಅಳಿಸಿದೆ. ಅತ್ತಿ ಅದನ್ನೇ ತನ್ನ ದಪ್ಪ ಅಕ್ಷರಗಳಲ್ಲಿ ಬರೆದಳು. ಮೈ ಡಿಯರ್ ಬ್ರದರ್. ಬರೆದು ಅದನ್ನೇ ನೋಡುತ್ತ ಕೂತಳು. ಮುಂದಿನ ಖೋಲಿಯಲ್ಲಿ ಅಪ್ಪ ಒದ್ದೆ ಅಂಗಿ ಬದಲಾಯಿಸುತ್ತ ಕೆಮ್ಮಿದ.

"ವೈನಿ, ಮುಂದ ಏನು ಬರೀಬೇಕು?"

"ಏನರೆ ಬರಿ," ಅಂದಳು ಅವ್ವ. "ನಿಮ್ಮಣ್ಣಗ ಬರಿಯಾಕತ್ತಿ."